ಗಾಳಿಕಿಂಡಿಯಲ್ಲಿ ಭತ್ತದ ಹೊಟ್ಟು

ಅಕ್ಕನಾಗಮ್ಮ ಮಂಡಿಯೂರಿ ಕೂತು ಬಲಗೈಯನ್ನು ಮೊಣಕೈವರೆಗೆ ಗಾಳಿಕಿಂಡಿಯೊಳಕ್ಕೆ ತೂರಿಸಿದಳು. ಕಲ್ಲು ತಣ್ಣಗಿತ್ತು. ಜೇಡರ ಬಲೆಯಾದರೂ ಕೈಗೆ ಸಿಕ್ಕೀತೆಂದುಕೊಂಡಿದ್ದಳು, ಅದೂ ಇರಲಿಲ್ಲ. ಯಾರೋ ಒಳಗೆ ಏನನ್ನೋ ತುರುಕಿ, ಮತ್ತೆ ಎಳೆದು ತೆಗೆದಾಗ ಎಲ್ಲ ಉಜ್ಜಿಕೊಂಡು ಹೋದಂತಿತ್ತು.

ಗಾರೆಯ ಒಂದು ಮೊನೆಗೆ ಮಾತ್ರ ಏನೋ ಅಂಟಿತ್ತು. ಉಗುರಿನಿಂದ ಕೆರೆದು ತೆಗೆದು, ಸೆರಗಿನ ಮೇಲೆ ಹರಡಿ ನೋಡಿದಳು. ಗೋಣಿಚೀಲದ ನಾಲ್ಕಾರು ಎಳೆ. ಜೊತೆಗೆ ಒಂದು ಚಿಟಿಕೆ ಹೊಂಬಣ್ಣದ ಹೊಟ್ಟು.

ಭತ್ತದ ಹೊಟ್ಟು.

ಇದೇ ಗೋಡೆಯ ಆಚೆ ಬದಿಯಲ್ಲಿ ಆಕೆಯ ಗಂಡ ಗಾದಿಲಿಂಗಪ್ಪ ಹೆಣವಾಗಿ ಸಿಕ್ಕು ಇನ್ನೂ ತಿಂಗಳು ತುಂಬಿರಲಿಲ್ಲ. ಪೊಲೀಸರು ಅದನ್ನು ಆಕಸ್ಮಿಕ ಸಾವೆಂದು ಬರೆದು ಮುಗಿಸಿದ್ದರು.

ದ್ರಾಕ್ಷಿರಸ ತೊಟ್ಟಿಯಲ್ಲಿ ಹುಳಿಯೇರಿ ಕುದಿಯತೊಡಗಿದಾಗ ಅದರಿಂದ ಕಣ್ಣಿಗೆ ಕಾಣದ ಒಂದು ಆವಿ ಏಳುತ್ತದೆ. ಗಾಳಿಗಿಂತ ಭಾರವಾದ ಆವಿ. ನೀರಿನ ಹಾಗೆ ನೆಲದ ಮೇಲೆ ನಿಲ್ಲುತ್ತದೆ. ಅದನ್ನು ಉಸಿರಾಡಿದವನು ಕೂಗಬೇಕೆನ್ನುವಷ್ಟರಲ್ಲಿ ಕುಸಿದಿರುತ್ತಾನೆ. ಅದು ಹರಿದು ಹೊರಗೆ ಹೋಗಲೆಂದೇ ಗಾದಿಲಿಂಗಪ್ಪ ತನ್ನ ಮದ್ಯ ಮಾಡುವ ಕೋಣೆಯ ಹಿಂದಿನ ಗೋಡೆಯ ಬುಡದಲ್ಲಿ ಈ ಕಿಂಡಿ ಬಿಡಿಸಿದ್ದ. ಅದನ್ನು ಮುಚ್ಚಿದರೆ ಒಳಗಿದ್ದವನನ್ನು ಬಾವಿಗೆ ನೂಕಿದ ಹಾಗೆಯೇ.

ಕುರುಗೋಡಿನ ಗುಡ್ಡದ ಬುಡದ ಈ ಕಲ್ಲುನೆಲದಲ್ಲಿ ದ್ರಾಕ್ಷಿಯ ಹೊರತು ಬೇರೇನೂ ಇರಲಿಲ್ಲ. ಅದೂ ಎರಡೇ ಜಾತಿ. ಒತ್ತು ಗೊಂಚಲಿನ ಕಪ್ಪು ಬೆಂಗಳೂರು ಬ್ಲೂ ಒಂದು, ಹೈದರಾಬಾದಿನ ಕಡೆಯಿಂದ ತಂದು ನೆಟ್ಟ ಬಿಳಿ ಅನಾಬ್-ಎ-ಶಾಹಿ ಇನ್ನೊಂದು. ತೋಟದ ಆಚೆಗೆ ಜೋಳದ ಹೊಲ, ಹತ್ತಿಯ ಹೊಲ. ಭತ್ತದ ಗದ್ದೆ ನೋಡಬೇಕಾದರೆ ಕಾಲುವೆಯ ನೀರು ಹರಿಯುವ ಸಿರುಗುಪ್ಪದ ಕಡೆಗೇ ಹೋಗಬೇಕು.

ಸಿರುಗುಪ್ಪದಲ್ಲಿ ಆಕೆಯ ಭಾವ ಮರಿಬಸಪ್ಪನ ಅಕ್ಕಿ ಮಿಲ್ಲಿತ್ತು.

ಅಕ್ಕನಾಗಮ್ಮ ಹೊಟ್ಟನ್ನೂ ಗೋಣಿಯ ಎಳೆಗಳನ್ನೂ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಳ್ಳಾರಿಯ ಬಸ್ಸು ಹತ್ತಿದಳು.

ಕಂಟೋನ್ಮೆಂಟಿನ ಹಳೇ ಬಂಗಲೆಯೊಂದರಲ್ಲಿ ವಾಸವಾಗಿದ್ದ ಇನ್ಸ್‌ಪೆಕ್ಟರ್ ಚಿದಾನಂದಪ್ಪ ಆಕೆಯನ್ನು ಜಗುಲಿಯಲ್ಲೇ ಕೂಡಿಸಿ ಮಾತಾಡಿಸಿದ. ಕೆಟ್ಟ ಮನುಷ್ಯನಲ್ಲ, ದಣಿದ ಮನುಷ್ಯ. ಹೊಟ್ಟಿನ ಒಂದೆರಡು ಚೂರನ್ನು ಅಂಗೈಯಲ್ಲಿಟ್ಟು ಊದಿ, ಇದು ಗಾಳಿಗೆ ಎಲ್ಲೆಲ್ಲಿಗೋ ಹಾರುವ ವಸ್ತು ಎಂದ. ಬಾಗಿಲಿಗೆ ಹೊರಗಿನ ಚಿಲಕ ಹಾಕಿರಲಿಲ್ಲ, ಮೈಮೇಲೆ ಗಾಯವಿರಲಿಲ್ಲ, ಆವಿಯ ಕೋಣೆಯಲ್ಲಿ ಆವಿಯಿಂದ ಸತ್ತಿದ್ದಾನೆ, ಇದರಲ್ಲಿ ಕೊಲೆ ಎಲ್ಲಿಂದ ಬಂತು ಎಂದು ಕೇಳಿದ.

ಕೋಣೆಯಲ್ಲಿ ಏನೇನು ಸಿಕ್ಕಿತೆಂದು ಅಕ್ಕನಾಗಮ್ಮ ಕೇಳಿದಳು. ಚಿದಾನಂದಪ್ಪ ನೆನಪಿನಿಂದಲೇ ಹೇಳಿದ. ಸೌಟು, ಅಳತೆಯ ಲೋಟ, ಎತ್ತರದ ಪೀಪಾಯಿಯ ಮೇಲೆ ಪೂರ್ತಿ ಉರಿದು ಕರಗಿದ ಒಂದು ಮೇಣದಬತ್ತಿ.

“ಪೀಪಾಯಿ ಮ್ಯಾಲೆ?” ಎಂದು ಅಕ್ಕನಾಗಮ್ಮ ಕೇಳಿದಳು.

“ಹೌದು. ಯಾಕವ್ವ?”

ಆಕೆಯ ಗಂಡ ಆ ಕೋಣೆಗೆ ಕಾಲಿಡುವಾಗ ಮೇಣದಬತ್ತಿಯನ್ನು ಸದಾ ನೆಲಕ್ಕಿಡುತ್ತಿದ್ದ. ಆವಿ ಹೆಚ್ಚಾದರೆ ನೆಲದ ದೀಪ ಮೊದಲು ಆರುತ್ತದೆ. ಆರಿದ ಕೂಡಲೇ ಹೊರಗೆ ಓಡಬೇಕು. ಎತ್ತರದಲ್ಲಿಟ್ಟ ದೀಪ ಕೆಳಗೆ ಮನುಷ್ಯ ಸಾಯುತ್ತಿದ್ದರೂ ನಿಶ್ಚಿಂತೆಯಿಂದ ಉರಿಯುತ್ತದೆ. ಕೆಲಸದವರಿಗೆಲ್ಲ ಇದನ್ನು ಹೇಳಿ ಹೇಳಿ ಬೇಸರ ಹಿಡಿಸಿದವನು ತಾನೇ ಅದನ್ನು ಪೀಪಾಯಿಯ ಮೇಲಿಡುವುದು ಸಾಧ್ಯವೇ ಇಲ್ಲ. ಅಂದರೆ ಆ ದೀಪ ಇಟ್ಟ ಕೈ ಬೇರೆಯದು.

ಚಿದಾನಂದಪ್ಪ ಆಕೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಹೊಟ್ಟಿನ ಒಡೆಯ ಯಾರೆಂದು ತಿಳಿದರೆ ಬಂದು ಹೇಳಲು ಸೂಚಿಸಿದ. ಅಲ್ಲಿಯವರೆಗೆ ತನ್ನ ಕೈ ಕಟ್ಟಿದೆ ಎಂದ.

ಸಿರುಗುಪ್ಪದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಅಕ್ಕನಾಗಮ್ಮನ ತಲೆಯಲ್ಲಿ ಭಾವನಿಗಿಂತ ಹೆಚ್ಚಾಗಿ ಆ ದೀಪ ಹಿಡಿದ ಕೈ ಕೂತಿತ್ತು. ಅದಕ್ಕೆ ಬಳೆಗಳಿದ್ದವೇ ಎಂಬುದು ಆಕೆಯ ಮೊದಲ ಪ್ರಶ್ನೆ. ಇಂಥ ಹೊತ್ತಿನಲ್ಲಿ ಇದೆಂಥ ಯೋಚನೆ ಎಂದು ತನ್ನ ಮೇಲೇ ಹೇಸಿಗೆಯಾಯಿತು. ಆದರೆ ಅದು ಹೋಗಲಿಲ್ಲ.

ಮದುವೆಯಾದಾಗಿನಿಂದ ಆಕೆ ಗಂಡನನ್ನು ಯಾರೊಂದಿಗೂ ಹಂಚಿಕೊಳ್ಳಲಾರದವಳು. ಮೊದಲು ಆಕೆಗೆ ದ್ರಾಕ್ಷಿಬಳ್ಳಿಗಳ ಮೇಲೇ ಸಿಟ್ಟು. ಬಿಳಿ ದ್ರಾಕ್ಷಿಯ ಸಿಪ್ಪೆ ತೆಳುವಾಗಿದೆ, ಬಿಸಿಲು ತಾಗಬಾರದು ಎಂದು ಅವನು ಗೊಂಚಲಿಗೆ ನೆರಳು ಕಟ್ಟುವಾಗ, ನನ್ನ ತಲೆಗೆ ಯಾರು ನೆರಳು ಕಟ್ಟಿದರು ಎಂದು ಕೇಳಿದವಳು. ಈಚಿನ ಎರಡು ಸುಗ್ಗಿಯಿಂದ ಆ ಸಿಟ್ಟು ಬೇರೆ ಕಡೆ ತಿರುಗಿತ್ತು. ಆ ಕೋಣೆಯಿಂದ ಬರುವಾಗ ಗಂಡನ ಮುಖದಲ್ಲಿ ಒಂದು ಬೆಳಕಿರುತ್ತಿತ್ತು. ಕಪ್ಪನ್ನೂ ಬಿಳಿಯನ್ನೂ ಬೆರೆಸಿ ಮಾಡಿದ ಹೊಸ ಮದ್ಯವನ್ನು ಬೆಂಗಳೂರಿನ ದೊಡ್ಡ ಹೋಟೆಲಿನವರು ಮೆಚ್ಚಿಕೊಂಡ ಸುದ್ದಿಯನ್ನು ಅವನು ಹೆಂಡತಿಗೆ ಹೇಳಿದ್ದು ಊರಿಗೆಲ್ಲ ಗೊತ್ತಾದ ಮೇಲೆ. ಅಂದಿನಿಂದ ಅವನ ಅಂಗಿಯನ್ನು ಒಗೆಯುವ ಮುನ್ನ ಮೂಸಿ ನೋಡುವುದು ಆಕೆಗೆ ಅಭ್ಯಾಸವಾಯಿತು. ಹುಳಿಯೇರಿದ ದ್ರಾಕ್ಷಿಯ ವಾಸನೆಯಲ್ಲದೆ ಬೇರೇನೂ ಸಿಕ್ಕಿರಲಿಲ್ಲ. ಸಿಗದಿದ್ದದ್ದೇ ಆಕೆಯನ್ನು ಇನ್ನಷ್ಟು ಸುಟ್ಟಿತು.

ಗಂಡ ಸತ್ತ ದಿನ ಆಕೆ ಬಳ್ಳಾರಿಯ ಆಸ್ಪತ್ರೆಯಲ್ಲಿ, ತಂಗಿ ಪಾರಮ್ಮನ ಹೆರಿಗೆಯ ಮಂಚದ ಬಳಿ ಇದ್ದಳು.

ಮಿಲ್ಲಿನ ಅಂಗಳದಲ್ಲಿ ಹೊಟ್ಟಿನ ಗುಡ್ಡೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಯಂತ್ರದ ಸದ್ದಿಗೆ ನೆಲ ನಡುಗುತ್ತಿತ್ತು. ಮರಿಬಸಪ್ಪ ಹಿಂಬದಿಯ ಕೋಣೆಯಲ್ಲಿ ಕೂತಿದ್ದ. ತಮ್ಮ ಸತ್ತ ಮೇಲೆ ಗಡ್ಡ ಬಿಟ್ಟಿದ್ದ. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ತಮ್ಮನ ಹೆಂಡತಿಯನ್ನು ನೋಡಿ ಎದ್ದು ನಿಂತು, ಒಳಮನೆಯ ಕಡೆಗೆ ಕೂಗಿ ಮಜ್ಜಿಗೆ ತರಲು ಹೇಳಿದ. ಮಿಲ್ಲಿಗೆ ಅಂಟಿಕೊಂಡೇ ಅವರ ಮನೆ.

ಮಜ್ಜಿಗೆ ತಂದವಳು ಅವನ ಹೆಂಡತಿ ಕೊಟ್ರಬಸಮ್ಮ. ಮಕ್ಕಳಿಲ್ಲದ ಹೆಂಗಸು, ಹತ್ತು ಮಾತಿಗೆ ಒಂದು ಮಾತು ಆಡುವವಳು. ಅಕ್ಕನಾಗಮ್ಮನ ಮುಖವನ್ನೂ ನೋಡದೆ ಲೋಟ ಇಟ್ಟು, ಹೊರಗೆ ಹೋಗದೆ, ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

ಅಕ್ಕನಾಗಮ್ಮ ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲೆ ಸುರಿದಳು. ಎಲ್ಲಿ ಸಿಕ್ಕಿತೆಂದು ಹೇಳಿದಳು.

ಮರಿಬಸಪ್ಪ ಅದನ್ನು ಮುಟ್ಟಲಿಲ್ಲ. “ಹೊಟ್ಟು ಈ ತಾಲೂಕಿನಾಗ ಎಲ್ಲಾರ ಮನ್ಯಾಗೂ ಐತಿ.”

“ಎಲ್ಲಾರಿಗೂ ನನ್ನ ಗಂಡನ ಮ್ಯಾಲೆ ಹೊಟ್ಟಿಕಿಚ್ಚು ಇಲ್ಲ ಭಾವ.”

ಅವನು ಗದರಿಸುವನೆಂದು ಆಕೆ ಕಾದಳು. ಪೊಲೀಸರ ಹೆಸರು ಹೇಳಬೇಕಾದೀತೆಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡು ಬಂದಿದ್ದಳು. ಯಾವುದೂ ಬೇಕಾಗಲಿಲ್ಲ. ಮರಿಬಸಪ್ಪ ಕುರ್ಚಿಯಲ್ಲಿ ಕುಸಿದು ಕೂತು, ಯಾರಾದರೂ ಬಂದು ಕೇಳಲಿ ಎಂದೇ ಇಷ್ಟು ದಿನ ಕಾಯುತ್ತಿದ್ದವನ ಹಾಗೆ ಹೇಳತೊಡಗಿದ.

ಅಪ್ಪ ಆಸ್ತಿ ಹಂಚಿದಾಗ ಕಾಲುವೆಯ ಗದ್ದೆ ದೊಡ್ಡವನಿಗೆ, ಕುರುಗೋಡಿನ ಕಲ್ಲುನೆಲ ಚಿಕ್ಕವನಿಗೆ. ಊರೆಲ್ಲ ತಮ್ಮನಿಗೆ ಅನ್ಯಾಯವಾಯಿತೆಂದಿತು. ತಾನೂ ಒಳಗೊಳಗೆ ನಾಚಿಕೊಂಡಿದ್ದ. ಸರಕಾರ ಪಾನನಿರೋಧ ಎತ್ತಿದ ಮೇಲೆ ಆ ಕಲ್ಲಿನಲ್ಲೇ ದ್ರಾಕ್ಷಿ ಹಬ್ಬಿತು. ಲಿಂಗ ಕಟ್ಟಿದ ಮನೆಯವನು ಹೆಂಡ ಕಾಸುತ್ತಾನೆಂದು ಮೊದಲು ಉಗುಳಿದವರೇ ಆಮೇಲೆ ಅವನಿಗೆ ಸಾಹುಕಾರ ಎಂದು ಕೈ ಮುಗಿದರು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ವರ್ಷ ಬಾಟಲಿಗೆ ಅಂಟಿಸುವ ಹೊಸ ಚೀಟಿಗಳು ಅಚ್ಚಾಗಿ ಬಂದವು. ಅವುಗಳ ಮೇಲೆ ದ್ರಾಕ್ಷಿಗೊಂಚಲಿನ ಚಿತ್ರ, ಕೆಳಗೆ ದುಂಡಕ್ಷರದಲ್ಲಿ ಗಾದಿಲಿಂಗಪ್ಪ, ಕುರುಗೋಡು.

“ನನ್ನ ಅಕ್ಕಿ ಬೊಂಬಾಯಿತನಕ ಹೋಗ್ತೈತಿ,” ಎಂದ ಮರಿಬಸಪ್ಪ. “ಉಂಡೋರು ಯಾರಾದ್ರೂ ಇದು ಮರಿಬಸಪ್ಪನ ಅಕ್ಕಿ ಅಂತಾರೇನು? ಆತಂದು ಒಂದು ಗುಟುಕು ಕುಡದೋನು ಆತನ ಹೆಸರು ಕೇಳ್ತಾನ.”

ಕಿಂಡಿಯ ವಿಷಯ ಅವನಿಗೆ ತಮ್ಮನಿಂದಲೇ ತಿಳಿದದ್ದು. ಇದನ್ನು ಮುಚ್ಚಿದರೆ ಎಲ್ಲ ಕೆಟ್ಟುಹೋಗುತ್ತದೆ ಎಂದು ಗಾದಿಲಿಂಗಪ್ಪ ಯಾವಾಗಲೋ ಹೇಳಿದ್ದ. ರಸ ಕೆಡುತ್ತದೆಂದು ಅಣ್ಣ ತಿಳಿದ. ಒಂದು ವರ್ಷದ ಮದ್ಯ ಹುಳಿತು ಹಾಳಾದರೆ ಬೆಂಗಳೂರಿನವರು ಕೈಬಿಡುತ್ತಾರೆ, ಆ ಹೆಸರು ಒಂದಿಷ್ಟು ಮಾಸುತ್ತದೆ. ಅವನಿಗೆ ಬೇಕಾದದ್ದು ಅಷ್ಟೇ. ಹೊಟ್ಟು ತುಂಬಿದ ಚೀಲ ತೆಗೆದುಕೊಂಡು ಮಧ್ಯಾಹ್ನದ ಹೊತ್ತಿಗೆ, ಆಳುಗಳು ಊಟಕ್ಕೆ ಹೋದಾಗ, ತೋಟದ ಹಿಂದಿನಿಂದ ಬಂದಿದ್ದ.

“ಮನುಷ್ಯಾ ಸಾಯ್ತಾನಂತ ಗೊತ್ತಿದ್ದಿಲ್ಲವ್ವ. ನನ್ನ ಲಿಂಗದಾಣೆ.”

“ಒಳಗ ಆತ ಅದಾನಂತ ಗೊತ್ತಿತ್ತೋ ಇಲ್ಲೋ?”

ಮರಿಬಸಪ್ಪ ತಲೆ ತಗ್ಗಿಸಿದ. ಚೀಲ ಅರ್ಧ ತುರುಕಿದಾಗ ಒಳಗಿನ ಮಾತು ಕಿಂಡಿಯಿಂದ ಕೇಳಿಸಿತ್ತು. ಆಗಲೇ ಎದ್ದು ಹೋಗಬೇಕಿತ್ತು. ಆದರೆ ಮಾತಿನ ಹಿಂದೆಯೇ ಒಂದು ನಗೆ ಕೇಳಿಸಿತು.

“ಹೆಣ್ಣುನಗಿ. ಹೊಟ್ಟಿ ತುಂಬ ನಗೂ ಅಂಥಾದ್ದು. ಎಲ್ಲಾ ಇವಗೇ ಯಾಕ ಅನ್ನಿಸ್ತು. ಇನ್ನಷ್ಟು ಒತ್ತಿ ತುರುಕಿ ಬಂದೆ.”

ಯಂತ್ರ ಅದೇ ಸದ್ದಿನಲ್ಲಿ ತಿರುಗುತ್ತಿತ್ತು. ಅಕ್ಕನಾಗಮ್ಮನಿಗೆ ಅದು ದೂರ ಹೋದ ಹಾಗಾಯಿತು.

ಗಂಡನನ್ನು ಕೊಂದವನು ಎದುರಿಗೆ ಕೂತು ಒಪ್ಪಿಕೊಂಡಿದ್ದ. ಅವನ ಕೊರಳಪಟ್ಟಿ ಹಿಡಿಯಬೇಕು, ಅಳಬೇಕು, ಬಳ್ಳಾರಿಗೆ ಹೋಗಿ ಚಿದಾನಂದಪ್ಪನನ್ನು ಕರೆತರಬೇಕು. ಅದು ಯಾವುದೂ ಆಕೆಗೆ ಹೊಳೆಯಲಿಲ್ಲ. ಎರಡು ಸುಗ್ಗಿ ಅಂಗಿಗಳಲ್ಲಿ ಹುಡುಕಿದ್ದು ಇವತ್ತು ಸಿಕ್ಕಿತ್ತು. ಒಂದು ನಗೆ. ಸಾವಿನ ದುಃಖ ಅದುವರೆಗೆ ಎದೆಯಲ್ಲಿ ಭಾರವಾಗಿ ಕೂತಿತ್ತು. ಈಗ ಅದನ್ನು ಪಕ್ಕಕ್ಕೆ ತಳ್ಳಿ ಬೇರೊಂದು ಬಂದು ಕೂತಿತು. ಕೆಂಡದಂಥದ್ದು.

“ಯಾರ ನಗಿ?” ಎಂದಳು.

ಗೊತ್ತಿಲ್ಲವೆಂದು ಅವನು ತಲೆಯಾಡಿಸಿದ. ಎಂದೂ ಕೇಳಿದ ನಗೆಯಲ್ಲ ಎಂದ.

“ಗೊತ್ತಾಗೋದು ಹೆಂಗ,” ಎಂಬ ಧ್ವನಿ ಬಾಗಿಲಿನಿಂದ ಬಂತು. “ಈ ಮನ್ಯಾಗ ನಾ ಯಾವತ್ತು ನಕ್ಕೀನಿ?”

ಕೊಟ್ರಬಸಮ್ಮ ಚೌಕಟ್ಟು ಬಿಟ್ಟು ಒಳಗೆ ಬಂದು ಗಂಡನ ಎದುರಿಗೆ ನಿಂತಳು. ಮರಿಬಸಪ್ಪ ಹೆಂಡತಿಯನ್ನು ಅಪರಿಚಿತಳನ್ನು ನೋಡುವಂತೆ ನೋಡಿದ.

ಸೋಮವಾರ ಕುರುಗೋಡಿನ ಬಸವಣ್ಣನಿಗೆ ಹೋಗಿಬರುತ್ತೇನೆಂದು ಆಕೆ ಹೇಳಿಹೋಗುತ್ತಿದ್ದದ್ದು ನಿಜ. ಗುಡಿಗೆ ಹೋಗುತ್ತಿದ್ದದ್ದೂ ನಿಜ. ಅಲ್ಲಿಂದ ಮೈದುನನ ತೋಟಕ್ಕೆ ಹೋಗುತ್ತಿದ್ದಳು. ಒಮ್ಮೆ, ಬಾಯಾರಿ ಬಂದವಳಿಗೆ ಗಾದಿಲಿಂಗಪ್ಪ ತಮಾಷೆಗೆ ಎರಡು ಲೋಟ ಕೊಟ್ಟು, ಯಾವುದು ಹೇಗಿದೆ ಹೇಳು ಅತ್ತಿಗೆ ಎಂದಿದ್ದನಂತೆ. ಕಪ್ಪಿನದು ಒರಟು, ಬಿಳಿಯದು ಸಪ್ಪೆ, ಎರಡನ್ನೂ ಕೂಡಿಸಿದರೆ ಒಂದಕ್ಕೊಂದು ಆಸರೆಯಾದೀತು ಎಂದು ಆಕೆ ಹೇಳಿದ್ದಳು. ಆ ದಿನವೇ ಅವನು ಬೆರೆಸಿ ನೋಡಿದ. ಎಷ್ಟು ಕಪ್ಪು, ಎಷ್ಟು ಬಿಳಿ ಎಂಬ ಹದ ಆಕೆಯ ನಾಲಿಗೆ ಹೇಳಿದ್ದು. ಬೆಂಗಳೂರಿನವರು ಮೆಚ್ಚಿದ ಮದ್ಯದ ರುಚಿ ಅವಳದು.

ಆಕೆ ಅದನ್ನು ಜಂಬವಿಲ್ಲದೆ, ಅಡಿಗೆಯ ವಿಷಯ ಹೇಳುವಷ್ಟೇ ಸರಳವಾಗಿ ಹೇಳಿದಳು. ಬೇರೇನೂ ಇರಲಿಲ್ಲ ಎಂದೂ ಹೇಳಿದಳು. ಅಕ್ಕನಾಗಮ್ಮ ಅದನ್ನು ನಂಬಿದಳು. ನಂಬಿದ್ದರಿಂದ ನೋವು ಕಡಿಮೆಯಾಗಲಿಲ್ಲ.

“ನನ್ನ ಯಾಕ ಕೇಳಲಿಲ್ಲ ಆತ?”

“ಮೊದಲ ಸಲ ಮಾಡಿದಾಗ ನಿನಗ ಕೊಟ್ಟಿದ್ನಂತ. ನೀ ಅಂಗಳದಾಗ ಉಗುಳಿದ್ಯಂತ.”

ಉಗುಳಿದ್ದಳು. ವಾಸನೆಯೇ ಸೇರಿರಲಿಲ್ಲ. ಅವನು ನಕ್ಕು ಲೋಟ ತೆಗೆದುಕೊಂಡು ಹೋಗಿದ್ದ. ಆ ನಗೆಯ ಹಿಂದೆ ಏನಿತ್ತೆಂದು ಆಕೆ ಆಗ ಯೋಚಿಸಿರಲೇ ಇಲ್ಲ.

ಮರಿಬಸಪ್ಪ ಮೇಜಿನ ಮೇಲಿನ ಹೊಟ್ಟನ್ನು ನೋಡುತ್ತಿದ್ದ. ತಾನು ಕೆಡಿಸಲು ಹೋದ ಹೆಸರಿನ ಹಿಂದೆ ತನ್ನ ಮನೆಯ ಹೆಂಗಸಿನ ನಾಲಿಗೆಯಿತ್ತು. ಅವಳು ಅದನ್ನು ತಮ್ಮನಿಗೆ ಕೊಟ್ಟಿದ್ದಳು, ತನಗೆ ಕೊಟ್ಟಿರಲಿಲ್ಲ. ಅವನು ನಿಧಾನವಾಗಿ ಕೇಳಿದ: “ನೀ ಒಳಗಿದ್ದಾಗಲೇ ನಾ ಮುಚ್ಚಿದೆನೇನು?”

“ಹೌದು.”

“ಮತ್ತ ನೀ ಹೆಂಗ ಉಳದಿ?”

ಮಾತಾಡುತ್ತಿದ್ದ ಹಾಗೆ ನೆಲದ ಮೇಲಿದ್ದ ಮೇಣದಬತ್ತಿ ಆರಿತು ಎಂದಳು ಕೊಟ್ರಬಸಮ್ಮ. ಗಾದಿಲಿಂಗಪ್ಪ ಆ ಕ್ಷಣವೇ ಆಕೆಯ ರಟ್ಟೆ ಹಿಡಿದು ಬಾಗಿಲಿಗೆ ನೂಕಿದ. ತಾನು ಹಿಂದಿನಿಂದ ತೂರಾಡುತ್ತ ಬಂದು ಹೊಸ್ತಿಲ ಮೇಲೆ ಬಿದ್ದ. ಆಕೆ ಅವನನ್ನು ತೋಳು ಹಿಡಿದು ಎಳೆದು, ಹೊರಗಿನ ಚಪ್ಪರದ ಕೆಳಗೆ ಕಂಬಕ್ಕೆ ಒರಗಿಸಿ ಕೂಡಿಸಿದಳು. ಓಡಿ ಹೋಗಿ ಗೋಡೆಯ ಹಿಂದೆ ನೋಡಿದಾಗ ಕಿಂಡಿಯಲ್ಲಿ ಚೀಲ. ಅದರ ಹರುಕಿಗೆ ನೀಲಿ ದಾರದ ಹೊಲಿಗೆ. ಹೊಲಿದವಳು ತಾನೇ. ಎಳೆದು ತೆಗೆದು, ಸೆರಗಿನಲ್ಲಿ ಮುಚ್ಚಿ ಸಿರುಗುಪ್ಪಕ್ಕೆ ತಂದು, ಭತ್ತ ಬೇಯಿಸುವ ಒಲೆಗೆ ಹಾಕಿದಳು.

ಮರಿಬಸಪ್ಪ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಹೆಂಡತಿ ಎಲ್ಲ ತಿಳಿದೇ ದಿನವೂ ಅವನಿಗೆ ಉಣ್ಣಲು ಬಡಿಸಿದ್ದಳು.

ಅಕ್ಕನಾಗಮ್ಮನ ಮನಸ್ಸು ಮಾತ್ರ ಒಂದೇ ಕಡೆ ನಿಂತಿತ್ತು. ಆರಿಹೋದ ಮೇಣದಬತ್ತಿ ಎಲ್ಲಿತ್ತೆಂದು ಕೇಳಿದಳು. ಕೋಣೆಯ ನೆಲದ ಮೇಲೇ ಬಿಟ್ಟುಬಂದೆವು ಎಂಬ ಉತ್ತರ ಬಂತು. ಅಂದರೆ ಆಮೇಲೆ, ಆವಿ ಪೂರ್ತಿ ಹರಿದುಹೋಗುವ ಮುನ್ನ, ಯಾರೋ ಅವನನ್ನು ಮತ್ತೆ ಒಳಗೆ ಒಯ್ದು, ಅದನ್ನು ಹೊತ್ತಿಸಿ ಪೀಪಾಯಿಯ ಮೇಲೆ ಇಟ್ಟಿದ್ದರು.

“ನೀ ಬಿಟ್ಟು ಬರುವಾಗ ಆತ ಹೊರಗಿದ್ದ. ಜೀವ ಇತ್ತು.”

“ಜೀವ ಇತ್ತು. ಕಣ್ಣು ಮಂಜಾಗಿದ್ವು, ಅಷ್ಟ. ನೀರು ಕೊಟ್ಟೆ, ಕುಡದ.”

“ಅಂಥಾವನ್ನ ಒಬ್ಬನ್ನ ಬಿಟ್ಟು ಬಂದಿ?”

ಕೊಟ್ರಬಸಮ್ಮ ಮೊದಲ ಬಾರಿಗೆ ನೆಗೆಣ್ಣಿಯ ಮುಖವನ್ನು ನೇರವಾಗಿ ನೋಡಿದಳು. ಆ ನೋಟದಲ್ಲಿ ಅಂಜಿಕೆಯಿತ್ತು, ತಿರಸ್ಕಾರವೂ ಇತ್ತು.

“ಒಬ್ಬನ್ನ ಎಲ್ಲಿ ಬಿಟ್ಟೆ? ನೀ ಬಂದ್ಯಲ್ಲ. ನೀ ಬರೋದು ಕಂಡೇ ನಾ ಚೀಲ ತಗೊಂಡು ಬಳ್ಳಿ ಮರೀಗೆ ಸರದದ್ದು. ಇಷ್ಟು ದಿನ ನಾ ಯಾರ ಮುಂದೂ ಬಾಯಿ ಬಿಡದಿದ್ದದ್ದು ಇವರ ಸಲುವಾಗಿ ಅಷ್ಟ ಅಲ್ಲ. ನಿನ್ನ ಸಲುವಾಗಿನೂ.”

ಅಕ್ಕನಾಗಮ್ಮನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ತಾನು ಭಾವನನ್ನು ಕೊಲೆಗಾರನೆಂದು ಹುಡುಕಿಕೊಂಡು ಬಂದಿದ್ದ ಮನೆಯಲ್ಲಿ, ಈ ಹೆಂಗಸು ಅಷ್ಟೂ ದಿನ ತನ್ನನ್ನೇ ಕೊಲೆಗಾರ್ತಿಯೆಂದು ತಿಳಿದಿದ್ದಳು. ಮಜ್ಜಿಗೆಯ ಲೋಟ ಇಡುವಾಗ ಮುಖ ನೋಡದಿದ್ದದ್ದು ಅದಕ್ಕೆ.

ಆ ದಿನ ತಾನು ಬಳ್ಳಾರಿಯ ಆಸ್ಪತ್ರೆಯಲ್ಲಿದ್ದದ್ದು, ಹೆರಿಗೆಯಾಗುವ ತನಕ ದಾಯಿಯ ಜೊತೆ ನಿಂತೇ ಇದ್ದದ್ದು, ಆಸ್ಪತ್ರೆಯವರೆಲ್ಲ ನೋಡಿದ್ದು, ಎಲ್ಲವನ್ನೂ ಹೇಳಿದಳು. ಬೇಕಾದರೆ ಚಿದಾನಂದಪ್ಪನನ್ನೇ ಕೇಳಲಿ, ಅವನು ವಿಚಾರಿಸಿಕೊಂಡಿದ್ದಾನೆ ಎಂದಳು.

ಕೊಟ್ರಬಸಮ್ಮನ ಮುಖದ ಬಣ್ಣ ಇಳಿಯಿತು. ಕುರ್ಚಿಯ ಬೆನ್ನು ಹಿಡಿದುಕೊಂಡಳು.

“ಮುಖ ನೋಡ್ದ್ಯಾ?” ಎಂದು ಅಕ್ಕನಾಗಮ್ಮ ಕೇಳಿದಳು.

“ತಲಿ ತುಂಬ ಸೆರಗಿತ್ತು. ನಿನ್ನಷ್ಟೇ ಎತ್ತರ. ಮನಿ ಕಡಿಂದನೇ ಬಂದ್ಳು, ಮನಿ ಹೆಣ್ಣುಮಗಳ ಹಂಗ. ನೀನೇ ಅಂದ್ಕೊಂಡೆ, ಯಾಕಂದ್ರ…” ಎಂದು ನಿಲ್ಲಿಸಿದಳು.

“ಯಾಕಂದ್ರ ಏನು?”

“ಆತ ಕರದ. ಕೈ ಎತ್ತಿ, ಅಕ್ಕೂ ಅಂತ ಕರದ. ಆ ಹೆಸರು ನಾ ಯಾವತ್ತೂ ಕೇಳಿದ್ದಿಲ್ಲ. ನಿನಗ ಒಳಗ ಹಂಗ ಕರೀತಾನ ಅಂದ್ಕೊಂಡೆ.”

ಹಾಗೆಯೇ ಕರೆಯುತ್ತಿದ್ದ. ಅತ್ತೆಯ ಎದುರಿಗಾಗಲಿ ಆಳುಗಳ ಎದುರಿಗಾಗಲಿ ಒಮ್ಮೆಯೂ ಬಾಯಿಗೆ ಬಾರದ ಹೆಸರು. ಕೋಣೆಯ ಕದ ಹಾಕಿದ ಮೇಲೆ ಇಬ್ಬರ ನಡುವೆ ಮಾತ್ರ ಇದ್ದದ್ದು. ಮಂಜಾದ ಕಣ್ಣಿನಲ್ಲಿ ಅವನು ಹೆಂಡತಿಯನ್ನು ಕಂಡೆನೆಂದುಕೊಂಡು ಕರೆದಿದ್ದ. ಕಡೆಯ ಹೊತ್ತಿನಲ್ಲಿ ಅವನಿಗೆ ಬೇಕಾಗಿದ್ದವಳು ತಾನೇ. ಎರಡು ಸುಗ್ಗಿಯ ಉರಿ ಒಮ್ಮೆಗೇ ತಣ್ಣಗಾಗುತ್ತದೆ ಎನ್ನಿಸಿತು.

ತಣ್ಣಗಾಗುವ ಮೊದಲು ಇನ್ನೊಂದು ಪ್ರಶ್ನೆ ಉಳಿದಿತ್ತು. ಕೇಳಬಾರದೆಂದುಕೊಂಡೇ ಕೇಳಿದಳು.

“ಆತ ಕರದಾಗ ಆಕಿ ಏನು ಮಾಡಿದ್ಳು ಅಕ್ಕಾ? ಯಾರನ್ನೋ ಕರದಂಗ ನಿಂತು ನೋಡಿದ್ಳೇನು?”

ಕೊಟ್ರಬಸಮ್ಮ ಇಲ್ಲವೆಂದು ತಲೆಯಾಡಿಸಿದಳು.

“ಬಂದೆ ಅಂದ್ಳು. ದಿನಾ ಆ ಹೆಸರಿನಿಂದ ಕರೆಸಿಕೊಳ್ಳೋರು ಹೆಂಗ ಓಗೊಡ್ತಾರ, ಹಂಗ.”